ಅಲಾಯ್ ಹಾಕಿಸುವ ಮುನ್ನ ಗಾಳಿಯ ಮಾತು



ಹೋಳಿ ಹುಣ್ಣಿಮೆಗೆ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ಕೂಡುತ್ತಾರಲ್ಲ, ಆಗ ಊರ ಅಂಚಿನಲ್ಲಿ ನಿಂತ ಕಾರುಗಳ ಸಾಲನ್ನೊಮ್ಮೆ ನೋಡಿ. ಹೆಸರು, ಹತ್ತಿ, ಉಳ್ಳಾಗಡ್ಡಿ ಮಾರಿ ಕೊಂಡ ಗಾಡಿಗಳಿರುತ್ತವೆ. ಬೆಂಗಳೂರು, ಪುಣೆಯಲ್ಲಿ ನೌಕರಿ ಮಾಡುವ ಮಕ್ಕಳು ಹಬ್ಬಕ್ಕೆ ಓಡಿಸಿಕೊಂಡು ಬಂದ ಗಾಡಿಗಳೂ ಇರುತ್ತವೆ. ಪೋಲೊ ಜಿಟಿ, ಐ20 ಎನ್ ಲೈನ್, ವರ್ಟಸ್ ಜಿಟಿ, ನಡುನಡುವೆ ಎದೆಯೆತ್ತರದ ಥಾರ್. ಅವುಗಳಲ್ಲಿ ಹಲವಕ್ಕೆ ಕಂಪನಿ ಕೊಟ್ಟ ಡಿಸ್ಕ್ ಇರುವುದಿಲ್ಲ. ಹುಬ್ಬಳ್ಳಿಯಲ್ಲಿಯೋ ಬೆಳಗಾವಿಯಲ್ಲಿಯೋ ಹಾಕಿಸಿದ ಹೊರಗಿನ ಅಲಾಯ್, ಅದರ ಮೇಲೆ ತೆಳ್ಳನೆಯ ಗೋಡೆಯ ಅಗಲ ಟೈರು. ವೇಗದ ಗಾಡಿಯನ್ನು ಚೆಂದ ಮಾಡಿಕೊಳ್ಳುವ ಆಸೆ ತಪ್ಪಲ್ಲ. ಆದರೆ ಹಳೆಯ ಡಿಸ್ಕ್ ಬಿಚ್ಚುವಾಗ ಅದರ ಹೊಟ್ಟೆಯೊಳಗಿದ್ದ ಹೆಬ್ಬೆರಳ ಗಾತ್ರದ ವಸ್ತುವೊಂದು ಅಂಗಡಿಯಲ್ಲಿಯೇ ಉಳಿದುಬಿಡುತ್ತದೆ. ಅದು ಟೈರಿನ ಗಾಳಿ ನೋಡುವ ಸೆನ್ಸರ್. ಈ ಹೊತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಅದರ ಬಗ್ಗೆ.

ಟೈರಿಗೆ ಗಾಳಿ ತುಂಬುವ ವಾಲ್ ಇದೆಯಲ್ಲ, ಅದರ ಒಳತುದಿಗೆ ಈ ಸೆನ್ಸರ್ ಜೋಡಿಸಿರುತ್ತದೆ. ತೂಕ ಮೂವತ್ತು ಗ್ರಾಂ ಆಸುಪಾಸು. ಒಳಗೆ ಒತ್ತಡ ಅಳೆಯುವ ಚಿಪ್, ಶಾಖ ಅಳೆಯುವ ಭಾಗ, ಚಕ್ರ ತಿರುಗುತ್ತಿದೆಯೇ ಎಂದು ತಿಳಿಯುವ ಭಾಗ, ಒಂದು ಲಿಥಿಯಂ ಬ್ಯಾಟರಿ, ಒಂದು ಸಣ್ಣ ಟ್ರಾನ್ಸ್‌ಮಿಟರ್. ನೀವು ಈಗ ಕೇಳುತ್ತಿರುವ ಧಾರವಾಡ ಕೇಂದ್ರ 765 ಕಿಲೋಹರ್ಟ್ಸ್‌ನಲ್ಲಿ ಬಿತ್ತರಿಸಿದರೆ, ಈ ಸೆನ್ಸರ್ ಸುಮಾರು 433 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತದೆ. ಅದರ ದನಿ ಕೆಲವೇ ಮೀಟರ್ ದೂರ, ಅಂದರೆ ಚಕ್ರದಿಂದ ಗಾಡಿಯೊಳಗಿನ ರಿಸೀವರ್‌ವರೆಗೆ ತಲುಪಿದರೆ ಸಾಕು. ಗಾಡಿ ನಿಂತಾಗ ಬ್ಯಾಟರಿ ಉಳಿಸಲು ಸುಮ್ಮನಿರುತ್ತದೆ, ಓಡತೊಡಗಿದ ಮೇಲೆ ಎಚ್ಚರಾಗಿ ಮತ್ತೆ ಮತ್ತೆ ಹೇಳುತ್ತದೆ: ನನ್ನ ಸಂಖ್ಯೆ ಇಂಥದು, ನನ್ನ ಟೈರಿನ ಗಾಳಿ ಇಷ್ಟು, ಶಾಖ ಇಷ್ಟು. ಬ್ಯಾಟರಿಯನ್ನು ರಾಳದಲ್ಲಿ ಮುಚ್ಚಿ ಬಿಗಿದಿರುವುದರಿಂದ ಅದೊಂದನ್ನೇ ಬದಲಿಸಲು ಬರುವುದಿಲ್ಲ. ಐದರಿಂದ ಹತ್ತು ವರ್ಷಕ್ಕೆ ಬ್ಯಾಟರಿ ತೀರಿದರೆ ಸೆನ್ಸರೇ ಹೊಸದು ಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಈ ವ್ಯವಸ್ಥೆ ಪ್ರಯಾಣಿಕರ ಕಾರಿಗೆ ಮೊದಲು ಬಂದದ್ದು ಒಂದು ಸ್ಪೋರ್ಟ್ಸ್ ಕಾರಿನ ಮೂಲಕವೇ. 1986ರಲ್ಲಿ ಜರ್ಮನಿಯ ಪೋರ್ಷೆ ಕಂಪನಿ 959 ಎಂಬ ಕಾರು ತಂದಿತು. ಗಂಟೆಗೆ 300 ಕಿಲೋಮೀಟರ್ ದಾಟುವ ಗಾಡಿ. ಅದರ ಚಕ್ರಗಳು ಮೆಗ್ನೀಸಿಯಂ ಮಿಶ್ರಲೋಹದವು, ಅವುಗಳ ಕಡ್ಡಿಗಳು ಒಳಗೆ ಪೊಳ್ಳು. ಟೈರಿನ ಗಾಳಿ ಆ ಪೊಳ್ಳಿನೊಳಗೂ ತುಂಬಿಕೊಳ್ಳುತ್ತಿತ್ತು. ಅಷ್ಟು ವೇಗದಲ್ಲಿ ಗಾಳಿ ಇಳಿದರೆ ಚಾಲಕನಿಗೆ ಗೊತ್ತಾಗುವ ಮೊದಲೇ ಮುಗಿದುಹೋಗುತ್ತದೆಂದು ಎಂಜಿನಿಯರರು ಆ ಚಕ್ರದಲ್ಲಿಯೇ ಒತ್ತಡದ ಸೆನ್ಸರ್ ಕೂಡಿಸಿದರು. ನನಗೆ ಇದರಲ್ಲಿ ದೊಡ್ಡದೆನಿಸುವುದು ಒಂದೇ ಮಾತು: ಚಕ್ರ ಬೇರೆ, ಸೆನ್ಸರ್ ಬೇರೆ ಎಂದು ಅವರು ಎಣಿಸಲಿಲ್ಲ. ಎರಡನ್ನೂ ಕೂಡಿಯೇ ರೂಪಿಸಿದರು. ನಾವು ಪೇಟೆಯಲ್ಲಿ ಅಲಾಯ್ ಕೊಳ್ಳುವಾಗ ಆ ಜೋಡಿಯನ್ನು ಒಡೆಯುತ್ತೇವೆ. ಒಡೆದದ್ದನ್ನು ಮತ್ತೆ ಕೂಡಿಸುವ ಹೊಣೆ ಕೊಂಡವನದೇ.

1997ರ ಶೆವ್ರೊಲೆ ಕಾರ್ವೆಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಸ್ಟೆಪ್ನಿಯೇ ಇರಲಿಲ್ಲ. ಗಾಳಿ ಹೋದರೂ ಒಂದಿಷ್ಟು ದೂರ ಓಡಬಲ್ಲ ಟೈರು, ಗಾಳಿ ಹೋದದ್ದನ್ನು ಹೇಳುವ ಸೆನ್ಸರ್, ಇವೆರಡೇ ಆಸರೆ. ಅಂಥ ಟೈರಿನ ಪಕ್ಕದ ಗೋಡೆ ಗಟ್ಟಿ, ಗಾಳಿ ಪೂರ್ತಿ ಇಳಿದರೂ ನೋಡಲು ತುಂಬಿದಂತೆಯೇ ಕಾಣುತ್ತದೆ. ಈಗಿನ ತೆಳ್ಳನೆಯ ಗೋಡೆಯ ಟೈರುಗಳೂ ಹೆಚ್ಚುಕಡಿಮೆ ಹಾಗೆಯೇ. ಕಾಲಿನಿಂದ ಒದ್ದು ನೋಡಿ ಗಾಳಿ ಹೇಳುವ ಕಾಲ ಇವುಗಳಿಗೆ ಸಲ್ಲದು.

ಸಾಮಾನ್ಯರ ಕಾರಿಗೆ ಈ ಸೆನ್ಸರ್ ಬರಲು ಸಾವುನೋವು ಕಾರಣವಾಯಿತು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗೆ ಹಾಕಿದ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಪದರು ಕಳಚಿ, ಗಾಡಿಗಳು ಮಗುಚಿ ಬಿದ್ದವು. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಟೈರಿನ ತಯಾರಿಕೆಯಲ್ಲಿ ದೋಷವಿತ್ತೆಂಬುದರ ಜೊತೆಗೆ ಗಾಳಿಯ ವಾದವೂ ಎದ್ದಿತು: ಆ ಗಾಡಿಗೆ 26 ಪಿಎಸ್‌ಐ ಸಾಕೆಂದು ಕಾರಿನವರು ಹೇಳಿದ್ದರು, 30 ಬೇಕಿತ್ತೆಂದು ಟೈರಿನವರು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿ ಹೊಸ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ. ನಮ್ಮ ದೇಶದಲ್ಲಿ ಎಲ್ಲ ಕಾರಿಗೂ ಕಡ್ಡಾಯವಿಲ್ಲ. ಆದರೆ 2020ರಲ್ಲಿ ಮೋಟಾರು ವಾಹನ ನಿಯಮ ತಿದ್ದಿದಾಗ ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು ಮತ್ತು ಈ ಸೆನ್ಸರ್ ವ್ಯವಸ್ಥೆ ಮೂರೂ ಇದ್ದರೆ ಮೂರೂವರೆ ಟನ್ನಿನೊಳಗಿನ ಗಾಡಿಗೆ ಸ್ಟೆಪ್ನಿ ಬೇಕಿಲ್ಲವೆಂದು ವಿನಾಯಿತಿ ಕೊಟ್ಟರು. ಹೀಗೆ ಸ್ಟೆಪ್ನಿಯಿಲ್ಲದೆ ಬಂದ ಗಾಡಿಯ ಡಿಸ್ಕ್ ಬದಲಿಸಿ ಸೆನ್ಸರ್ ಬಿಟ್ಟರೆ ಸ್ಟೆಪ್ನಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ರಾತ್ರಿ ಹನ್ನೊಂದಕ್ಕೆ ನವಲಗುಂದ, ನರಗುಂದದ ನಡುವೆ ಎರಿ ಹೊಲಗಳ ಮಧ್ಯೆ ಟೈರು ಕೂತರೆ ಏನು ಮಾಡುತ್ತೀರಿ?

ನಮ್ಮ ಸೀಮೆಗೆ ಇದು ಇನ್ನೂ ಹೆಚ್ಚು ಸಲ್ಲುವ ಮಾತು. ವಿಜಯಪುರದಿಂದ ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯುವುದು ಒಂದೇ 52ನೇ ರಾಷ್ಟ್ರೀಯ ಹೆದ್ದಾರಿ. ನವಲಗುಂದದ ಕಡೆ ಅದರ ಅಡಿಗೆ ಎರೆಭೂಮಿ. ಮಳೆ ಬಿದ್ದಾಗ ಉಬ್ಬುವ, ಬಿಸಿಲಿಗೆ ಸೀಳುವ ಮಣ್ಣು ಅದು. ಅದರ ಮೇಲೆ ಹಾಸಿದ ಡಾಂಬರು ವರ್ಷ ಕಳೆಯುವುದರೊಳಗೆ ಅಲೆಯಾಗುತ್ತದೆ, ಅಂಚು ಮುರಿಯುತ್ತದೆ. ಎದುರಿನ ಲಾರಿಗೆ ದಾರಿ ಬಿಟ್ಟು ಅಂಚಿನಿಂದ ಕೆಳಗಿಳಿದು ಮತ್ತೆ ಹತ್ತುವಾಗ ತೆಳ್ಳನೆಯ ಟೈರು ಡಾಂಬರಿನ ತುಟಿಗೂ ಡಿಸ್ಕಿನ ತುಟಿಗೂ ನಡುವೆ ಸಿಕ್ಕು ಹಿಸುಕುತ್ತದೆ. ಉಕ್ಕಿನ ಡಿಸ್ಕ್ ಆದರೆ ಬಾಗುತ್ತದೆ, ಹೊಡೆದು ಸರಿಮಾಡಬಹುದು. ಅಲ್ಯೂಮಿನಿಯಂ ಅಲಾಯ್ ಒಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳುತ್ತದೆ. ಹೊರಗಿನಿಂದ ಕಾಣದು. ಗಾಳಿ ಮಾತ್ರ ದಿನಕ್ಕಿಷ್ಟು ಎಂದು ಸೋರುತ್ತಿರುತ್ತದೆ.

ಇನ್ನು ಜಾಲಿಮುಳ್ಳು. ಹೊಲದ ಬದುವಿಗೆ ಹಾಕಿದ ಬೇಲಿ ಕಡಿದು ರಸ್ತೆಗುಂಟ ಎಳೆದುಕೊಂಡು ಹೋದಾಗ ಉದುರಿದ ಮುಳ್ಳು ಟ್ಯೂಬ್‌ಲೆಸ್ ಟೈರಿಗೆ ಹೊಕ್ಕು ಅಲ್ಲಿಯೇ ಮುರಿಯುತ್ತದೆ. ಮೊಳೆಯಂತೆ ತಲೆ ತೋರಿಸುವುದಿಲ್ಲ. ರಬ್ಬರು ಅದನ್ನು ಅಪ್ಪಿ ಹಿಡಿದಿರುವುದರಿಂದ ಗಾಳಿ ಒಮ್ಮೆಲೇ ಹೋಗುವುದೂ ಇಲ್ಲ. ಎರಡು ಮೂರು ದಿನಕ್ಕೆ ಐದಾರು ಪಿಎಸ್‌ಐ ಇಳಿದಿರುತ್ತದೆ. ಹತ್ತಿಕಟ್ಟಿಗೆ ಕೊಯ್ದ ಹೊಲದ ದಾರಿಯಲ್ಲಿ ಗಾಡಿ ಇಳಿಸಿದರೂ ಇದೇ ಕತೆ. ಇಂಥ ನಿಧಾನದ ಸೋರಿಕೆಯನ್ನು ಹಿಡಿಯುವುದಕ್ಕೆ ಸೆನ್ಸರಿನಷ್ಟು ಒಳ್ಳೆಯ ಕಾವಲುಗಾರ ಇನ್ನೊಂದಿಲ್ಲ. ಮಳೆಗಾಲದಲ್ಲಿ ಬೆಣ್ಣಿಹಳ್ಳದ ಕಡೆ ಹೋಗಿಬಂದವರು ಇನ್ನೊಂದನ್ನೂ ಗಮನಿಸಿ: ಕಡ್ಡಿ ಕಡ್ಡಿಯ ಅಲಾಯ್ ಒಳಬದಿಗೆ ಎರಿ ಮಣ್ಣು ಮೆತ್ತಿ ಒಣಗಿ ಗಟ್ಟಿಯಾಗಿ, ಎಂಬತ್ತು ದಾಟಿದಾಗ ಸ್ಟೇರಿಂಗ್ ನಡುಗಿಸುತ್ತದೆ. ಬ್ಯಾಲೆನ್ಸಿಂಗ್‌ಗೆ ಓಡುವ ಮುನ್ನ ಒಳಬದಿಗೆ ನೀರು ಹೊಡೆದು ತೊಳೆಯಿರಿ.

ಈಗ ಅಂಗಡಿಯೊಳಗೆ ಏನಾಗುತ್ತದೆ ಎಂಬುದಕ್ಕೆ ಬರೋಣ. ಹುಡುಗ ಗಾಡಿ ತರುತ್ತಾನೆ, ಹೊಸ ಅಲಾಯ್ ಆರಿಸುತ್ತಾನೆ. ಮಷಿನ್ನಿನ ಒತ್ತುಗೈ ಹಳೆಯ ಟೈರಿನ ಅಂಚನ್ನು ಡಿಸ್ಕಿನಿಂದ ಬಿಡಿಸಬೇಕು. ಆ ಕೈ ವಾಲಿನ ಎದುರು ಬದಿಗೆ ಬೀಳಬೇಕು. ವಾಲಿನ ಪಕ್ಕವೇ ಬಿದ್ದರೆ ಟೈರಿನ ಅಂಚು ಸೆನ್ಸರಿನ ಮೇಲೆ ಕುಳಿತು ಪ್ಲಾಸ್ಟಿಕ್ ಡಬ್ಬಿ ಚಟ್ಟೆಂದು ಒಡೆಯುತ್ತದೆ. ಮಷಿನ್ನಿಲ್ಲದೆ ಲಿವರ್ ಹಾಕಿ ಎಬ್ಬಿಸುವಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ಒಡೆಯದೆ ಹೊರಬಂದರೂ ಹೊಸ ಡಿಸ್ಕಿಗೆ ಅದನ್ನು ಕೂಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಸಾದಾ ರಬ್ಬರ್ ವಾಲ್ ಎಳೆದು ಗಾಳಿ ತುಂಬಿ ಕಳಿಸುತ್ತಾರೆ. ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ.

“ಅಣ್ಣಾರ, ಈ ಲೈಟ್ ಯಾಕ ಆರವಲ್ದು?”

“ಅದೇನ್ ಆಗಂಗಿಲ್ಲ ತಗೋರಿ. ಡಿಸ್ಕ್ ಬದ್ಲಿ ಮಾಡ್ಸಿದ್ಮ್ಯಾಲ ಎಲ್ಲಾರ ಗಾಡ್ಯಾಗೂ ಹಿಂಗ. ನೋಡಾಕ ಹೋಗಬ್ಯಾಡ್ರಿ.”

ಈ ಮಾತನ್ನು ನಂಬಬೇಡಿ. ಆ ದೀಪ ಒಂದಿಷ್ಟು ಹೊತ್ತು ಮಿಣುಕಿ ಆಮೇಲೆ ಸ್ಥಿರವಾಗಿ ಉರಿದರೆ ಸೆನ್ಸರಿನ ದನಿ ಕೇಳುತ್ತಿಲ್ಲವೆಂದು ಅರ್ಥ. ನೇರವಾಗಿ ಉರಿದರೆ ಗಾಳಿ ಕಡಿಮೆಯೆಂದು ಅರ್ಥ. ಬಹುಪಾಲು ಗಾಡಿಗಳಲ್ಲಿ ಹೀಗೆ. ಯಾವಾಗಲೂ ಉರಿಯುವ ದೀಪಕ್ಕೆ ಕಣ್ಣು ಒಗ್ಗಿಹೋದ ಮೇಲೆ, ನಿಜವಾಗಿ ಗಾಳಿ ಹೋದ ದಿನ ಅದು ಯಾರಿಗೂ ಏನನ್ನೂ ಹೇಳಲಾರದು.

ಹಾಗಾದರೆ ಮಾಡಬೇಕಾದುದೇನು? ಮೊದಲು ನಿಮ್ಮ ಗಾಡಿಯದು ಯಾವ ಬಗೆ ಎಂದು ತಿಳಿಯಿರಿ. ಎರಡು ಬಗೆಗಳಿವೆ. ಮೀಟರಿನಲ್ಲಿ ನಾಲ್ಕೂ ಟೈರಿನ ಪಿಎಸ್‌ಐ ಅಂಕಿ ಕಾಣಿಸಿದರೆ ಒಳಗೆ ಸೆನ್ಸರ್ ಇದೆ. ಅಂಕಿಯಿಲ್ಲದೆ ಬರೀ ಎಚ್ಚರಿಕೆ ದೀಪ ಇದ್ದರೆ ಅದು ಬಹುಶಃ ಎಬಿಎಸ್ ಬ್ರೇಕಿನ ಲೆಕ್ಕದ ಮೇಲೆ ನಡೆಯುವ ಬಗೆ. ಗಾಳಿ ಇಳಿದ ಟೈರು ತುಸು ಸಣ್ಣದಾಗುತ್ತದೆ, ಸಣ್ಣದಾದ ಚಕ್ರ ಉಳಿದವಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಆ ವ್ಯತ್ಯಾಸವನ್ನು ಹಿಡಿದು ದೀಪ ಹಚ್ಚುತ್ತದೆ. ಇಂಥ ಗಾಡಿಗೆ ಅಲಾಯ್ ಬದಲಿಸಿದರೆ ಒಳಗೆ ಕೂಡಿಸುವುದು ಏನೂ ಇಲ್ಲ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿ, ಮೆನುವಿನಲ್ಲಿಯೋ ಗುಂಡಿ ಒತ್ತಿಯೋ ಹೊಸ ಲೆಕ್ಕ ಕೂಡಿಸಬೇಕು. ತಪ್ಪು ಗಾಳಿ ಇದ್ದಾಗ ಗುಂಡಿ ಒತ್ತಿದರೆ ಗಾಡಿ ಆ ತಪ್ಪನ್ನೇ ಸರಿಯೆಂದು ಕಲಿಯುತ್ತದೆ. ನಾಲ್ಕೂ ಟೈರು ಸಮವಾಗಿ ಇಳಿದರೆ ಈ ಬಗೆಗೆ ತಿಳಿಯುವುದು ಕಷ್ಟ ಎಂಬುದನ್ನೂ ಮರೆಯಬೇಡಿ.

ಒಳಗೆ ಸೆನ್ಸರ್ ಇರುವ ಬಗೆಯಾದರೆ ಕೊಳ್ಳುವ ಮೊದಲೇ ಅಲಾಯ್ ತಿರುವಿ ಅದರ ವಾಲಿನ ತೂತು ನೋಡಿ. ಸೆನ್ಸರಿನ ಬೆನ್ನು ಡಿಸ್ಕಿನ ಒಳಮೈಗೆ ತಾಗಿ ಕೂರಬೇಕು. ಸ್ಪೋರ್ಟ್ಸ್ ವಿನ್ಯಾಸದ ಕೆಲವು ಡಿಸ್ಕ್‌ಗಳಲ್ಲಿ ತೂತು ಅಂಚಿಗೆ ತೀರಾ ಹತ್ತಿರ ಇರುತ್ತದೆ, ಇಲ್ಲವೆ ಓರೆ ಹೆಚ್ಚಿರುತ್ತದೆ. ಆಗ ಸೆನ್ಸರ್ ಎತ್ತರಕ್ಕೆ ಚಾಚಿ ಟೈರು ಏರಿಸುವಾಗ ಅಂಚಿಗೆ ಸಿಗುತ್ತದೆ. ಓರೆ ಹೊಂದಿಸಬಹುದಾದ ಕಾಲಿನ ಸೆನ್ಸರ್‌ಗಳೂ ಸಿಗುತ್ತವೆ. ಹಳೆಯ ಸೆನ್ಸರನ್ನೇ ಹಾಕುವುದಾದರೆ ವಾಲಿನ ರಬ್ಬರ್ ವಾಷರು, ನಟ್ಟು, ಒಳಸೂಜಿ ಹೊಸದಿರಲಿ. ಇಲ್ಲಿ ಒಂದು ಸಣ್ಣ ಸಂಗತಿಯಿದೆ, ಇದನ್ನು ತಿಳಿಯದೆ ಕೆಟ್ಟುಹೋದ ಸೆನ್ಸರ್‌ಗಳು ಬಹಳ. ಬಹಳಷ್ಟು ಸೆನ್ಸರ್‌ಗಳ ವಾಲ್ ಅಲ್ಯೂಮಿನಿಯಂನದು. ಅದಕ್ಕೆ ಸಾದಾ ಹಿತ್ತಾಳೆ ಸೂಜಿ ಹಾಕಿದರೆ, ಹೊಳಪಿನ ಲೋಹದ ಟೋಪಿ ತಿರುಪಿದರೆ, ಎರಡು ಲೋಹಗಳ ನಡುವೆ ತೇವ ಸೇರಿ ತುಕ್ಕು ಹಿಡಿದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮುಂದೆ ಗಾಳಿ ಹಾಕಿಸಲು ಟೋಪಿ ತಿರುವಿದಾಗ ವಾಲೇ ಮುರಿದು ಕೈಗೆ ಬರುತ್ತದೆ. ನಿಕ್ಕೆಲ್ ಲೇಪದ ಸೂಜಿ, ಕರಿ ಪ್ಲಾಸ್ಟಿಕ್ ಟೋಪಿ, ಇವೇ ಸರಿ. ಗುಂಡಿನಾಕಾರದ ಟೋಪಿ ಚೆಂದ ಕಂಡರೂ ಬೇಡ. ನಟ್ಟನ್ನು ಅಳತೆಯ ಬಿಗಿತ ತೋರುವ ಪಾನಾದಿಂದಲೇ ಬಿಗಿಸಬೇಕು, ಇಕ್ಕಳದಿಂದಲ್ಲ. ಪಂಕ್ಚರ್ ಆಗದಿರಲೆಂದು ಟೈರಿನೊಳಗೆ ಸುರಿಯುವ ಜೆಲ್ ಸೆನ್ಸರಿನ ಸಣ್ಣ ತೂತಿಗೆ ಅಂಟಿ ಅದನ್ನು ಕುರುಡು ಮಾಡುತ್ತದೆ, ಅದೂ ಬೇಡ.

ಹೊಸ ಸೆನ್ಸರ್ ಆನ್‌ಲೈನ್ ತರಿಸುವವರು ತರಂಗಾಂತರ ನೋಡಿ ತರಿಸಿ. ಅಮೆರಿಕದ ಹಲವು ಗಾಡಿಗಳದು 315 ಮೆಗಾಹರ್ಟ್ಸ್, ನಮ್ಮಲ್ಲಿಯ ಗಾಡಿಗಳಿಗೆ ಬೇಕಾದ್ದು 433. ಆಕಾರ ಒಂದೇ ಇದ್ದರೂ ಒಂದರ ಮಾತು ಇನ್ನೊಂದಕ್ಕೆ ಕೇಳದು. ಪ್ರತಿ ಸೆನ್ಸರಿಗೂ ತನ್ನದೇ ಸಂಖ್ಯೆಯಿದೆ. ಅದನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯಿಸಬೇಕು. ಕೆಲವು ಗಾಡಿಗಳು ಒಂದಿಷ್ಟು ದೂರ ಓಡಿದರೆ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಜೋಡಿಸಬೇಕು. ಅಲಾಯ್ ಹಣ ಎಣಿಸುವ ಮುನ್ನ ನಿಮ್ಮ ಅಂಗಡಿಯವರ ಬಳಿ ಆ ಸ್ಕ್ಯಾನರ್ ಇದೆಯೇ ಕೇಳಿ. ಟೈರುಗಳನ್ನು ಹಿಂದುಮುಂದು ಬದಲಿಸಿದ ಮೇಲೂ ಈ ಪರಿಚಯ ಮಾಡಿಸದಿದ್ದರೆ, ಕೆಲವು ಗಾಡಿಗಳಲ್ಲಿ ಮುಂದಿನ ಎಡ ಟೈರು ಇಳಿದಾಗ ಮೀಟರು ಹಿಂದಿನದನ್ನು ತೋರಿಸುತ್ತದೆ.

ಅಂಗಡಿಯಲ್ಲಿ ಯಾರೂ ಹೇಳದ ಮಾತೊಂದಿದೆ. ಎಚ್ಚರಿಕೆ ದೀಪ ಎಷ್ಟು ಗಾಳಿಗೆ ಹತ್ತಬೇಕೆಂಬುದು ಕಂಪನಿಯ ಮೂಲ ಟೈರಿಗೆ ತಕ್ಕಂತೆ ಬರೆದಿಟ್ಟ ಲೆಕ್ಕ. ಅಮೆರಿಕದ ನಿಯಮದ ಪ್ರಕಾರ ಬಾಗಿಲ ಬಳಿಯ ಚೀಟಿಯಲ್ಲಿ ಬರೆದದ್ದಕ್ಕಿಂತ ಶೇಕಡಾ 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. 33 ಇರಬೇಕಾದಲ್ಲಿ 25ಕ್ಕೆ ಇಳಿಯುವವರೆಗೂ ಅದು ಸುಮ್ಮನಿರಬಹುದು. ನೀವು ಹಾಕಿಸಿದ ತೆಳ್ಳನೆಯ ಟೈರಿಗೆ ಅದೇ ಭಾರ ಹೊರಲು ಮೂಲ ಟೈರಿಗಿಂತ ಹೆಚ್ಚು ಗಾಳಿ ಬೇಕಾಗಬಹುದು. ಆಗ ದೀಪ ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಅಳತೆ ಬದಲಿಸುವಾಗ ಟೈರಿನ ಮೇಲಿನ ಭಾರದ ಸಂಖ್ಯೆ ಮೂಲ ಟೈರಿನದಕ್ಕಿಂತ ಕಡಿಮೆಯಾಗದಂತೆ ನೋಡಿ, ಗಾಳಿ ಎಷ್ಟಿರಬೇಕೆಂದು ಟೈರು ಕಂಪನಿಯವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಬೇಸಿಗೆಯ ಮಾತು ಬಂದಾಗ ನಮ್ಮಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಕಿತ್ತುಹಾಕಬೇಕು. ಬಿಸಿಲಿಗೆ ಗಾಳಿ ಉಬ್ಬಿ ಟೈರು ಒಡೆಯುತ್ತದೆ, ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಐದು ಪಾಯಿಂಟ್ ಕಡಿಮೆ ಇಡಬೇಕೆಂದು ಎಷ್ಟೋ ಜನ ಹಿರಿಯರು ಹೇಳುತ್ತಾರೆ. ಇದು ತಪ್ಪು, ಮತ್ತು ಜೀವಕ್ಕೆ ಅಪಾಯ ತರುವ ತಪ್ಪು. ಹತ್ತು ಡಿಗ್ರಿ ಶಾಖ ಏರಿದರೆ ಗಾಳಿಯ ಒತ್ತಡ ಏರುವುದು ಒಂದೂವರೆ ಪಿಎಸ್‌ಐ ಆಸುಪಾಸು ಮಾತ್ರ. ಆ ಏರಿಕೆಯನ್ನು ಟೈರು ಮಾಡುವವರು ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಕೊಲ್ಲುವುದು ಕಡಿಮೆ ಗಾಳಿ. ಗಾಳಿ ಕಡಿಮೆಯಿದ್ದಾಗ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಮಡಚಿದಷ್ಟೂ ಒಳಗೇ ಕಾಯುತ್ತದೆ. ಕಾದ ರಬ್ಬರು ತಂತಿಯ ಹೆಣಿಗೆಯಿಂದ ಬಿಡುತ್ತದೆ. ಕೆಳಗೆ ಬಿಸಿಲಿಗೆ ಕಾದ ಡಾಂಬರು, ಒಳಗೆ ಐದು ಜನ, ಮದುವೆಯ ಸಾಮಾನು, ನೂರರ ವೇಗ. ಒಡೆದ ಮೇಲೆ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಸೆನ್ಸರ್ ಇದ್ದ ಗಾಡಿಯಲ್ಲಿ ಒಂದು ಟೈರಿನ ಶಾಖ ಉಳಿದ ಮೂರಕ್ಕಿಂತ ಏರುತ್ತಿರುವುದು ಮೊದಲೇ ಕಾಣುತ್ತದೆ, ಆ ಅಂಕಿ ತೋರಿಸುವ ಮೀಟರಿದ್ದರೆ.

ದಾರಿಯಲ್ಲಿ ಟೈರು ಬಿಸಿಯಿದ್ದಾಗ 37, 38 ತೋರಿಸಿತೆಂದು ಗಾಳಿ ಬಿಡಬೇಡಿ. ಚೀಟಿಯಲ್ಲಿ ಬರೆದದ್ದು ತಣ್ಣಗಿದ್ದಾಗಿನ ಲೆಕ್ಕ. ಬಿಸಿಯಲ್ಲಿ ಬಿಟ್ಟರೆ ಮರುದಿನ ಬೆಳಿಗ್ಗೆ ಅದು ಬೇಕಾದ್ದಕ್ಕಿಂತ ಕೆಳಗಿರುತ್ತದೆ. ಮೇ ತಿಂಗಳ ಮಧ್ಯಾಹ್ನ ತುಂಬಿಸಿದ ಗಾಳಿ ಡಿಸೆಂಬರ್ ಬೆಳಗಿನ ಚಳಿಯಲ್ಲಿ, ಸೋರದಿದ್ದರೂ, ಮೂರು ನಾಲ್ಕು ಪಿಎಸ್‌ಐ ಇಳಿದಿರುತ್ತದೆ. ಸುಗ್ಗಿಯ ದಿನಗಳಲ್ಲಿ ಮುಂಜಾನೆ ದೀಪ ಹತ್ತಿ ಹುಬ್ಬಳ್ಳಿ ಮುಟ್ಟುವುದರೊಳಗೆ ಆರಿದರೆ ಸೆನ್ಸರ್ ಕೆಟ್ಟಿದೆಯೆಂದು ತಿಳಿಯಬೇಡಿ. ಅದು ಸರಿಯಾಗಿಯೇ ಹೇಳುತ್ತಿದೆ, ಗಾಳಿ ಹಾಕಿಸಿ.

ಸೆನ್ಸರ್ ಇಲ್ಲದೆ ಬಂದ ಹಳೆಯ ಗಾಡಿಯವರಿಗೂ ದಾರಿಯಿದೆ. ವಾಲಿನ ಹೊರಗೆ ಟೋಪಿಯಂತೆ ತಿರುಪುವ ಸೆನ್ಸರ್‌ಗಳು, ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿನಿಂದಲೇ ಚಾರ್ಜ್ ಆಗುವ ಸಣ್ಣ ಪರದೆ ಈಗ ಸುಲಭವಾಗಿ ಸಿಗುತ್ತವೆ. ಇಲ್ಲದ್ದಕ್ಕಿಂತ ಇವು ಎಷ್ಟೋ ಮೇಲು. ಆದರೆ ನೂರು ಕಿಲೋಮೀಟರ್ ವೇಗದಲ್ಲಿ ಹತ್ತು ಗ್ರಾಂ ಟೋಪಿ ಒಂದೂವರೆ ಕಿಲೋದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಸಾದಾ ರಬ್ಬರ್ ವಾಲ್ ಅದಕ್ಕೆ ಬಾಗಿ ಬುಡದಲ್ಲಿ ಸೀಳಬಹುದು. ಇವನ್ನು ಹಾಕುವವರು ಲೋಹದ ವಾಲ್ ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತೊಮ್ಮೆ ಮಾಡಿಸಲೇಬೇಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಮಡ್‌ಗಾರ್ಡಿನಿಂದ ಹೊರಗೆ ಚಾಚುವ ಟೈರು, ಕಂಪನಿ ಒಪ್ಪದ ಅಳತೆ, ಇವೆಲ್ಲ ಅಪಘಾತವಾದ ಮೇಲೆ ವಿಮೆಯವರ ಮುಂದೆ ತೊಡಕಾಗಬಲ್ಲವು. ಅದೇ ಕಂಪನಿ ಮೇಲಿನ ಮಾಡೆಲ್ಲಿಗೆ ಕೊಡುವ ಅಳತೆಯ ಅಲಾಯ್ ಆರಿಸಿದರೆ ಈ ತೊಡಕೂ ಕಡಿಮೆ, ಸೆನ್ಸರ್ ಕೂರುವುದೂ ಸಲೀಸು.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಟೈರು ಅಂಗಡಿಯ ಬಾಂಧವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಕೈಯಲ್ಲಿ ದಿನಕ್ಕೆಷ್ಟೋ ಜೀವಗಳಿವೆ. ಡಿಸ್ಕ್ ಬಿಚ್ಚುವ ಮೊದಲು ಗಿರಾಕಿಯನ್ನು ಕೇಳಿ: ಒಳಗೆ ಸೆನ್ಸರ್ ಐತೇನ್ರಿ? ಇದ್ದರೆ ಅದನ್ನು ಬಿಚ್ಚಿ ಅವರ ಕೈಗೆ ಕೊಡಿ, ಹೊಸ ಅಲಾಯ್‌ಗೆ ಕೂಡಿಸಿ ಅದರ ಕೂಲಿ ತೆಗೆದುಕೊಳ್ಳಿ. ಗಾಡಿಯ ಒಡೆಯರೇ, ನೀವು ಆ ಕೂಲಿಗೆ ಚೌಕಾಸಿ ಮಾಡಬೇಡಿ. ಒಂದು ಒಳ್ಳೆಯ ಗೇಜ್ ಕೊಂಡು ಗಾಡಿಯಲ್ಲಿಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ನಾಲ್ಕೂ ಟೈರು ನೋಡಿ. ಸ್ಟೆಪ್ನಿ ಇದ್ದರೆ ಅದನ್ನೂ ನೋಡಿ. ಬಹಳ ಗಾಡಿಗಳಲ್ಲಿ ಅದಕ್ಕೆ ಸೆನ್ಸರ್ ಇರುವುದಿಲ್ಲ.